ಗಾಲ್ಫ್ ಆಟಗಾರನ ಭುಜ

ಗಾಲ್ಫ್ ಆಟವನ್ನು ಬೇಲಿಯ ಹೊರಗೆ ನಿಂತು ನೋಡುವವರಿಗೆ ಅದರಲ್ಲಿ ಮೈಗೆ ಪೆಟ್ಟಾಗುವ ಸಂಭವವೇ ತೋರದು. ಓಟವಿಲ್ಲ, ಎದುರಾಳಿಯೊಡನೆ ತಳ್ಳಾಟವಿಲ್ಲ, ನಿಶ್ಚಲವಾಗಿರುವ ಚೆಂಡನ್ನು ಒಬ್ಬನು ನಿಂತಲ್ಲೇ ನಿಂತು ಹೊಡೆಯುತ್ತಾನೆ, ಅನಂತರ ಮಾತನಾಡುತ್ತ ಅದರ ಹಿಂದೆ ನಡೆದುಹೋಗುತ್ತಾನೆ. ಇಂಥ ಆಟವಾಡಿ ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಹೋಗಬೇಕಾಯಿತೆಂದು ನಾವು ತಿಳಿಸಿದಾಗ, ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು "ಚೆಂಡು ತಗುಲಿತೇನಪ್ಪಾ?" ಎಂದು ಕೇಳಿದರು. ಚೆಂಡು ತಗುಲಲಿಲ್ಲ. ನಮ್ಮ ಕೈಯ ಬೀಸೇ ನಮ್ಮ ಭುಜವನ್ನು ಹರಿದಿತ್ತು. ಅದು ಹೇಗೆ ಹರಿಯಿತು, ಹೇಗೆ ಕೂಡಿತು, ಕೂಡುವ ಕಾಲದಲ್ಲಿ ನಾವು ಮಾಡಿದ ತಪ್ಪೇನು ಎಂಬುದನ್ನು ಈ ಹೊತ್ತು ಶ್ರೋತೃಗಳ ಮುಂದಿಡುತ್ತೇವೆ. ಇತರ ಆಟಗಾರರಿಗೂ, ಆಟವಾಡದೆಯೇ ಭುಜ ನೋಯಿಸಿಕೊಂಡವರಿಗೂ ಇದರಿಂದ ಪ್ರಯೋಜನವಾದೀತು.

ನಮ್ಮ ವಾಸ ಜಯನಗರದಲ್ಲಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ, ಈ ದಕ್ಷಿಣದ ಕಡೆಯವರು ಹದಿನೆಂಟು ಕುಳಿಗಳ ಆಟಕ್ಕೆ ಊರನ್ನೇ ದಾಟಬೇಕು. 1876ರಷ್ಟು ಹಿಂದೆ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಹೈ ಗ್ರೌಂಡ್ಸ್ ಕಡೆಗಿದೆ; ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಚಲ್ಲಘಟ್ಟದಲ್ಲಿದೆ. ಆಡುವ ಸ್ಥಳ ದೂರವಾದರೂ ಆಡಿ ಕೆಡಿಸಿಕೊಂಡ ಮೇಲೆ ಬೇಕಾಗುವುದೆಲ್ಲ ನಮಗೆ ಮನೆಯ ಬಳಿಯೇ ಉಂಟು. ಮೂಳೆ ಕೀಲುಗಳಿಗೆಂದೇ ಇರುವ ಸಂಜಯ ಗಾಂಧಿ ಸಂಸ್ಥೆ ಬೈರಸಂದ್ರದ ಬಳಿ ಇದೆ. ಸುತ್ತಲೂ ಚಿಕ್ಕ ದೊಡ್ಡ ಆಸ್ಪತ್ರೆಗಳಿವೆ. ನಡೆದಾಡಲು ಲಾಲ್‌ಬಾಗ್ ಇದೆ. ಮೈ ಕೆಡಿಸಿಕೊಳ್ಳಲು ಇಷ್ಟು ದೂರ, ಸರಿಪಡಿಸಿಕೊಳ್ಳಲು ಇಷ್ಟು ಹತ್ತಿರ ಎಂದು ನಮ್ಮ ಮನೆಯವರು ಅನೇಕ ಸಲ ಹೇಳಿದ್ದುಂಟು.

ಮೊದಲು ಹೊಡೆತದ ವಿಚಾರ. ಕೋಲು ಮೇಲಿನಿಂದ ಕೆಳಗಿಳಿದು ಚೆಂಡನ್ನು ಮುಟ್ಟುವುದಕ್ಕೆ ಒಂದು ಸೆಕೆಂಡಿನಲ್ಲಿ ಮೂರನೆಯ ಒಂದು ಪಾಲೂ ಬೇಕಾಗುವುದಿಲ್ಲ. ಅಷ್ಟರಲ್ಲಿ ಅದರ ತಲೆ, ಸಾಧಾರಣ ಹವ್ಯಾಸಿಯ ಕೈಯಲ್ಲಿಯೂ, ಗಂಟೆಗೆ 140 ಕಿಲೋಮೀಟರಿನ ಆಸುಪಾಸಿನ ವೇಗವನ್ನು ಪಡೆಯುತ್ತದೆ. ಈ ವೇಗ ಕೈಯಿಂದ ಮಾತ್ರವೇ ಹುಟ್ಟುವುದಲ್ಲ. ಕಾಲು, ಸೊಂಟ, ಬೆನ್ನು, ಭುಜ ಎಲ್ಲವೂ ಒಂದನ್ನೊಂದು ಹಿಂಬಾಲಿಸಿ ತಿರುಚಿಕೊಂಡು ಬಿಚ್ಚಿಕೊಳ್ಳುವುದರಿಂದ ಹುಟ್ಟುತ್ತದೆ. ಆ ಕ್ಷಣದಲ್ಲಿ ಸೊಂಟದ ಬಳಿ ಬೆನ್ನೆಲುಬಿನ ಮೇಲೆ ಬೀಳುವ ಒತ್ತಡವನ್ನು ಅಳೆದು ನೋಡಿದವರು ಅದು ದೇಹದ ತೂಕದ ಎಂಟು ಪಟ್ಟಿನಷ್ಟಿರುವುದೆಂದು ಕಂಡಿದ್ದಾರೆ. ಎಪ್ಪತ್ತು ಕಿಲೋ ತೂಗುವವನ ಬೆನ್ನಿಗೆ ಇದು ಐನೂರು ಕಿಲೋವನ್ನು ಮೀರಿದ ಹೊರೆ. ವೃತ್ತಿಯವರು ಈ ಹೊರೆಯನ್ನು ಇಡೀ ಮೈಗೆ ಹಂಚುವುದನ್ನು ಬಲ್ಲರು. ನಮ್ಮಂಥ ಭಾನುವಾರದ ಆಟಗಾರರು ಸೊಂಟ ತಿರುಗದಿದ್ದುದನ್ನು ತೋಳಿನಿಂದ ತುಂಬಲು ಹೋಗುತ್ತೇವೆ. ಆರು ದಿನ ಕುರ್ಚಿಯಲ್ಲಿ ಕುಳಿತ ಮೈಯನ್ನು ಏಳನೆಯ ದಿನ ಬೆಳಗಿನ ಚಳಿಯಲ್ಲಿ, ಒಂದೆರಡು ಸಲ ಕೈ ಆಡಿಸಿ, ಪೂರ್ಣಬಲದಿಂದ ತಿರುಚುತ್ತೇವೆ.

ಹೀಗೆ ಕೆಡುವ ಅಂಗಗಳು ಹಲವು. ಬೆನ್ನಿನ ನೋವು ಎಲ್ಲಕ್ಕಿಂತ ಸಾಮಾನ್ಯವಾದುದು. ಬಹುಪಾಲು ವಿಶ್ರಾಂತಿ ವ್ಯಾಯಾಮಗಳಿಂದ ಇಳಿಯತಕ್ಕದ್ದು. ಆದರೆ ನೋವಿನೊಡನೆ ಕಾಲಿನ ಬಲ ತಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ, ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಚೆಂಡಿಗಿಂತ ಮೊದಲು ನೆಲವನ್ನು ಹೊಡೆಯುವವರ ಮೊಣಕೈ ಕೆಡುತ್ತದೆ. ಒಳಬದಿಯ ನೋವಿಗೆ ಗಾಲ್ಫಿನ ಹೆಸರು, ಹೊರಬದಿಯ ನೋವಿಗೆ ಟೆನಿಸ್ಸಿನ ಹೆಸರು ಅಂಟಿದ್ದರೂ ಗಾಲ್ಫ್ ಆಟಗಾರನಿಗೆ ಎರಡೂ ಬರುತ್ತವೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಕೊಕ್ಕೆಯಂಥ ಒಂದು ಚಿಕ್ಕ ಮೂಳೆಯಿದೆ. ಕೋಲಿನ ಹಿಡಿಯ ತುದಿ ಎಡಗೈಯಲ್ಲಿ ಸರಿಯಾಗಿ ಅದರ ಮೇಲೆಯೇ ಕೂತಿರುವುದರಿಂದ, ನೆಲದ ಪೆಟ್ಟಿಗೆ ಆ ಕೊಕ್ಕೆ ಮುರಿಯುವುದುಂಟು. ಸಾಧಾರಣ ಎಕ್ಸ್-ರೇ ಚಿತ್ರದಲ್ಲಿ ಈ ಬಿರುಕು ಅನೇಕ ವೇಳೆ ಕಾಣಿಸದು. ಉಳುಕೆಂದು ತಿಳಿದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಕೊಂಡು ಕೂತವರುಂಟು. ಆ ಜಾಗದಲ್ಲಿ ನೋವು ನಿಂತೇ ಇದ್ದರೆ ಸಿ.ಟಿ. ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿಬಿಡುವುದು ಲೇಸು.

ನಮ್ಮದು ಭುಜ. ಬಲಗೈ ಆಟಗಾರನಲ್ಲಿ ಕೆಡುವುದು ಹೆಚ್ಚಾಗಿ ಎಡಭುಜವೇ. ಹೊಡೆತಕ್ಕೆ ಮುಂದಾಳಾಗಿ ನಡೆಯುವ ತೋಳು ಅದು. ಭುಜದ ಕೀಲು ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಸ್ವತಂತ್ರವಾಗಿ ತಿರುಗುವ ಕೀಲು. ಸ್ವಾತಂತ್ರ್ಯಕ್ಕೆ ತಕ್ಕಂತೆ ಅದರ ಭದ್ರತೆ ಕಡಮೆ. ದೊಡ್ಡ ಗುಂಡೊಂದು ಆಳವಿಲ್ಲದ ತಟ್ಟೆಯ ಮೇಲೆ ಕೂತಿರುವಂತೆ ತೋಳಿನ ಮೂಳೆಯ ತಲೆ ಅಲ್ಲಿ ಕೂತಿದೆ. ಅದನ್ನು ಜಾರದಂತೆ ಹಿಡಿದಿರುವುವು ನಾಲ್ಕು ಸ್ನಾಯುಗಳು. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು ಕಂಡರವೆನ್ನುತ್ತೇವಷ್ಟೆ. ಈ ನಾಲ್ಕರ ಕಂಡರಗಳು ಸೇರಿ ಅಂಗಿಯ ತೋಳಪಟ್ಟಿಯಂತೆ ಮೂಳೆಯ ತಲೆಯನ್ನು ಸುತ್ತಿವೆ. ವೈದ್ಯರು ಇದನ್ನು ರೊಟೇಟರ್ ಕಫ್ ಎಂದು ಕರೆಯುತ್ತಾರೆ. ವಯಸ್ಸು ಐವತ್ತನ್ನು ದಾಟುತ್ತ ಬಂದಂತೆ ಈ ಪಟ್ಟಿಯ ಎಳೆಗಳು ಸವೆಯುತ್ತವೆ. ರಕ್ತಸಂಚಾರ ಅಲ್ಪವಾದುದರಿಂದ ಸವೆದುದು ಬೇಗ ತುಂಬದು.

ನಮಗೆ ಮೊದಲ ಸೂಚನೆ ದೊರೆತದ್ದು ಮೈದಾನದಲ್ಲಲ್ಲ, ಹಾಸಿಗೆಯಲ್ಲಿ. ಎಡಮಗ್ಗುಲಾಗಿ ಮಲಗಲಾಗುತ್ತಿರಲಿಲ್ಲ. ಬಳಿಕ ಅಟ್ಟದ ಮೇಲಿನ ಡಬ್ಬಿಯೊಂದನ್ನು ಇಳಿಸಲು ಹೋದಾಗ ಕೈ ಅರ್ಧಕ್ಕೇ ನಿಂತಿತು. ಹೀಗಿದ್ದೂ ನಾಲ್ಕು ಭಾನುವಾರ ಆಡಿದೆವು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎಂ.ಆರ್.ಐ. ಪರೀಕ್ಷೆಯಲ್ಲಿ ಮೇಲುಗಡೆಯ ಕಂಡರ ಮೂಳೆಯಿಂದ ಪೂರಾ ಕಿತ್ತುಬಂದಿರುವುದು ಕಾಣಿಸಿತು.

ಹರಿದುದನ್ನೆಲ್ಲ ಹೊಲಿಯಲೇಬೇಕೆಂಬ ನಿಯಮವಿಲ್ಲ. ಹರಿದ ಕಂಡರವನ್ನು ಹೊತ್ತುಕೊಂಡೇ ನೋವಿಲ್ಲದೆ ಬಾಳುತ್ತಿರುವ ವೃದ್ಧರು ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ, ಬಿದ್ದು ಥಟ್ಟನೆ ಹರಿದುಕೊಂಡವರನ್ನು ಬಿಟ್ಟರೆ, ಉಳಿದವರಿಗೆ ಮೊದಲು ಎರಡು ಮೂರು ತಿಂಗಳ ವ್ಯಾಯಾಮವನ್ನೇ ವೈದ್ಯರು ಹೇಳುತ್ತಾರೆ. ನಾವೂ ಮಾಡಿದೆವು, ನಿದ್ರೆ ಬರಲಿಲ್ಲ, ಕೈ ಏಳಲಿಲ್ಲ. ಆಟಕ್ಕಾಗಿ ಮೈಯನ್ನು ಕೊಯ್ಯಿಸಿಕೊಳ್ಳುವುದು ಯುಕ್ತವೇ ಎಂಬ ಪ್ರಶ್ನೆ ಮನೆಯಲ್ಲಿ ಹುಟ್ಟಿತು. ನ್ಯಾಯವಾದ ಪ್ರಶ್ನೆಯೇ. ನಮ್ಮ ಅಭಿಪ್ರಾಯವನ್ನು ಹೇಳುವುದಾದರೆ, ಬರಿಯ ಆಟಕ್ಕಾಗಿ ಯುಕ್ತವಲ್ಲ. ಹಿಂದಿಗಿಂತ ದೂರ ಹೊಡೆಯಬೇಕೆಂಬ ಆಸೆಯಿಂದ ಭುಜವನ್ನು ಹೊಲಿಸಿಕೊಳ್ಳುವವನು ನಿರಾಶನಾಗುತ್ತಾನೆ. ರಾತ್ರಿ ನಿದ್ರೆ ಬರಲೆಂದು, ಅಂಗಿಯನ್ನು ತಾನೇ ತೊಟ್ಟುಕೊಳ್ಳಲೆಂದು ಹೊಲಿಸಿಕೊಂಡವನಿಗೆ ಆಟ ಮೇಲುಗಳಿಕೆಯಾಗಿ ಬರಬಹುದು.

ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ ನಾವು ಹೇಳಬೇಕಾದುದು ಸ್ವಲ್ಪ, ನಾವು ಎಚ್ಚರವಾಗಿರಲಿಲ್ಲ. ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ, ಒಂದರಲ್ಲಿ ದರ್ಶಕವನ್ನೂ ಉಳಿದವುಗಳಲ್ಲಿ ಉಪಕರಣಗಳನ್ನೂ ತೂರಿಸಿ, ಮೂಳೆಯಲ್ಲಿ ಪುಟ್ಟ ಗೂಟಗಳನ್ನು ನೆಟ್ಟು, ಅವುಗಳ ದಾರದಿಂದ ಕಂಡರವನ್ನು ಅದರ ಹಳೆಯ ಸ್ಥಾನಕ್ಕೆ ಎಳೆದು ಕಟ್ಟುತ್ತಾರೆ. ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಗ್ರಹಿಸಬೇಕು. ಲಾಲ್‌ಬಾಗಿನಲ್ಲಿ ಕಸಿ ಕಟ್ಟಿದ ಮಾವಿನ ಸಸಿಗಳನ್ನು ಅನೇಕರು ನೋಡಿರಬಹುದು. ಮಾಲಿ ಎರಡು ಕಡ್ಡಿಗಳನ್ನು ಸೇರಿಸಿ ಪಟ್ಟಿ ಸುತ್ತುತ್ತಾನೆ. ಪಟ್ಟಿ ಅವನ್ನು ಬೆಸೆಯುವುದಿಲ್ಲ. ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಬೆಸೆಯುವ ಕೆಲಸ ಒಳಗೆ ಗಿಡವೇ ಮಾಡತಕ್ಕದ್ದು. ಭುಜದ ದಾರವೂ ಹಾಗೆಯೇ. ಮೊದಲ ಕೆಲವು ದಿನ ಅಲ್ಲಿ ಬಾವು. ಬಳಿಕ ಕೆಲವು ವಾರ ಅವಸರದಲ್ಲಿ ನೇಯ್ದ ಎಳಸು ತಂತುಗಳು. ಆ ತಂತುಗಳು ಬಲಿತು, ಎಳೆತದ ದಿಕ್ಕಿಗೆ ಸಾಲುಗೂಡಿ, ನಿಜವಾದ ಗಟ್ಟಿತನವನ್ನು ಪಡೆಯುವುದಕ್ಕೆ ಹಲವು ತಿಂಗಳು ಬೇಕು. ಕೆಲವರಲ್ಲಿ ವರ್ಷವೇ ಹಿಡಿಯುತ್ತದೆ. ಹೊಗೆಸೊಪ್ಪಿನ ಚಟ ಮತ್ತು ಹತೋಟಿಯಿಲ್ಲದ ಸಿಹಿಮೂತ್ರ ಎರಡೂ ಈ ಕೆಲಸವನ್ನು ತಡಮಾಡುತ್ತವೆ.

ಮೊದಲ ಆರು ವಾರ ಕೈ ಜೋಳಿಗೆಯಲ್ಲಿ. ಒರಗುಕುರ್ಚಿಯಲ್ಲಿ ಅರ್ಧ ಕುಳಿತು ನಿದ್ರೆ. ಜುಬ್ಬವನ್ನು ಬಿಟ್ಟು ಮುಂದೆ ಗುಂಡಿಯಿರುವ ಅಂಗಿ. ಬಾಳೆಯ ಹಣ್ಣನ್ನು ಸುಲಿಯಲೂ ಇನ್ನೊಬ್ಬರ ಸಹಾಯ. ಮುಂದಕ್ಕೆ ಬಾಗಿ, ತೋಳನ್ನು ಇಳಿಬಿಟ್ಟು, ರಾಗಿ ಬೀಸುವವರಂತೆ ನಿಧಾನವಾಗಿ ಸುತ್ತಿಸುವುದೇ ಆಗಿನ ವ್ಯಾಯಾಮ. ಅನಂತರ ಬಾಗಿಲ ಮೇಲಿನ ರಾಟೆಯ ಹಗ್ಗದಿಂದ ಒಳ್ಳೆಯ ಕೈ ಕೆಟ್ಟ ಕೈಯನ್ನು ಎತ್ತುವುದು. ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಹತ್ತಿಸುವುದು. ಸಿದ್ದಾಪುರದ ಕಡೆಯ ಬಾಗಿಲಿನಿಂದ ಲಾಲ್‌ಬಾಗಿಗೆ ಹೋಗಿ ದಿನವೂ ನಡೆಯುತ್ತಿದ್ದೆವು. ಜೋಳಿಗೆಯ ಕೈಯವನನ್ನು ಕಂಡರೆ ಅಪರಿಚಿತರೂ ನಿಂತು ಮಾತನಾಡಿಸುವರು, ಪ್ರತಿಯೊಬ್ಬರೂ ಒಂದು ಎಣ್ಣೆಯ ಹೆಸರನ್ನು ಹೇಳುವರು. ಈ ಆರು ವಾರ ಕಷ್ಟವಾದರೂ ಅಪಾಯದ್ದಲ್ಲ. ನೋವೇ ಕಾವಲು ನಿಂತಿರುತ್ತದೆ.

ಅಪಾಯ ಬಂದದ್ದು ಮೂರನೆಯ ತಿಂಗಳು ಕಳೆದ ಮೇಲೆ. ಒಂದು ಬೆಳಗ್ಗೆ ಎದ್ದಾಗ ನೋವಿರಲಿಲ್ಲ. ಕೈ ತಲೆಯ ಮೇಲಕ್ಕೆ ಹೋಯಿತು. ವೈದ್ಯರು ಹಿಂದೊಮ್ಮೆ, "ಮೂರು ತಿಂಗಳಿಗೆ ಆಡಬಹುದು" ಎಂದಿದ್ದರು. ಅವರು ಹೇಳಿದ ಆಟ ಗ್ರೀನಿನ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸುವ ಪಟರಿನ ಆಟ. ನಾವು ಕೇಳಿಸಿಕೊಂಡದ್ದು ಪೂರ್ಣವಾದ ಆಟ. ನಮ್ಮ ವ್ಯಾಯಾಮಗಳನ್ನು ನೋಡಿಕೊಳ್ಳುತ್ತಿದ್ದ ತರುಣಿ ಮುಂಚೆಯೇ ಎಚ್ಚರಿಸಿದ್ದರು: "ಸಾರ್, ನೋವು ಹೋಗಿದೆ, ಕೈ ಇನ್ನೂ ಬಂದಿಲ್ಲ." ಮೈದಾನದಲ್ಲಿ ನಮ್ಮ ಹಳೆಯ ಕ್ಯಾಡಿಯೂ ಚೀಲದಿಂದ ಡ್ರೈವರನ್ನು ತೆಗೆಯಲು ಹಿಂಜರಿದು, "ಇವತ್ತು ದೊಡ್ಡದು ಬೇಡ ಸಾರ್" ಎಂದನು. ಆತುರಗಾರನಿಗೆ ಬುದ್ಧಿ ಮಟ್ಟವೆಂಬುದು ಸುಳ್ಳಲ್ಲ. ಮೂರನೆಯ ಬೀಸಿಗೆ ಭುಜದಲ್ಲಿ ಏನೋ ಸೆಳೆದಂತಾಯಿತು. ಆ ರಾತ್ರಿ ಹಳೆಯ ನೋವು ಹಳೆಯ ಜಾಗಕ್ಕೇ ಬಂದು ಕುಳಿತಿತು. ಮರುಪರೀಕ್ಷೆಯ ಫಲ ಬರುವವರೆಗಿನ ಎರಡು ದಿನಗಳನ್ನು ನಾವು ಮರೆಯುವಂತಿಲ್ಲ. ಹೊಲಿಗೆ ಉಳಿದಿತ್ತು, ಅದು ನಮ್ಮ ವಿವೇಕದಿಂದಲ್ಲ, ಅದೃಷ್ಟದಿಂದ. ಮತ್ತೆ ಹರಿಯುವ ಭುಜಗಳಲ್ಲಿ ಬಹುಪಾಲು ಮೊದಲ ಆರು ತಿಂಗಳೊಳಗೇ ಹರಿಯುತ್ತವೆ, ಅವುಗಳಲ್ಲಿ ಕೆಲವು ನೋವನ್ನೇ ಕೊಡದೆ ಹರಿಯುತ್ತವೆ ಎಂಬುದನ್ನು ನಾವು ಆಮೇಲೆ ತಿಳಿದೆವು. ನೋವು ಅಡಗುವುದು ಬಾವು ಇಳಿದುದರಿಂದ. ಕಂಡರ ಗಟ್ಟಿಯಾಗುವುದು ತಂತುಗಳು ಬಲಿತುದರಿಂದ. ಇವೆರಡು ಗಡಿಯಾರಗಳು ಒಂದೇ ವೇಗದಲ್ಲಿ ನಡೆಯುವುದಿಲ್ಲ.

ಇಂಥ ಸಮಯದಲ್ಲಿ ಸ್ನೇಹಿತರು ಹುರಿದುಂಬಿಸಲೆಂದು ದೊಡ್ಡ ಆಟಗಾರರ ಕಥೆಗಳನ್ನು ಹೇಳುತ್ತಾರೆ. ಅಮೆರಿಕದ ಬೆನ್ ಹೋಗನ್ 1949ರ ಫೆಬ್ರವರಿಯಲ್ಲಿ ಬಸ್ಸಿಗೆ ಎದುರಾಗಿ ಕಾರು ಅಪ್ಪಳಿಸಿ ಕಟಿಯ ಮೂಳೆಗಳನ್ನೂ ಕೊರಳೆಲುಬನ್ನೂ ಮುರಿದುಕೊಂಡು, 1950ರ ಜೂನ್‌ನಲ್ಲಿ ತನ್ನ ದೇಶದ ಓಪನ್ ಪಂದ್ಯವನ್ನು ಗೆದ್ದನು. ಟೈಗರ್ ವುಡ್ಸ್ 2017ರಲ್ಲಿ ಬೆನ್ನೆಲುಬಿನ ಬೆಸುಗೆ ಮಾಡಿಸಿಕೊಂಡು 2019ರಲ್ಲಿ ಮಾಸ್ಟರ್ಸ್ ಗೆದ್ದನು. ಕಥೆಗಳು ನಿಜವೇ, ಆದರೆ ಕೇಳುವವರು ಗೆಲುವನ್ನು ಮಾತ್ರ ಕೇಳುತ್ತಾರೆ, ನಡುವಣ ತಿಂಗಳುಗಳನ್ನು ಎಣಿಸುವುದಿಲ್ಲ. ಹೋಗನ್ನನಿಗೆ ಹದಿನಾರು ತಿಂಗಳಾಯಿತು, ವುಡ್ಸನಿಗೆ ಎರಡು ವರ್ಷ. ಅದೇ ವುಡ್ಸ್ 2014ರ ಮಾರ್ಚಿಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೂರೇ ತಿಂಗಳಿಗೆ ಪಂದ್ಯಕ್ಕೆ ಇಳಿದಿದ್ದನು. 2015ರಲ್ಲಿ ಇನ್ನೆರಡು ಸಲ ಮೇಜನ್ನು ಏರಬೇಕಾಯಿತು. ಒಂದು ಮತ್ತೊಂದಕ್ಕೆ ಕಾರಣವೆಂದು ನಾವು ಹೇಳುತ್ತಿಲ್ಲ. ಆ ಭಾಗವನ್ನು ಸ್ನೇಹಿತರು ಹೇಳುವುದಿಲ್ಲವೆಂದಷ್ಟೆ ಹೇಳುತ್ತಿದ್ದೇವೆ. ಮೇಲಾಗಿ ಅಂಥವರಿಗೆ ಚೇತರಿಕೆಯೇ ಹಗಲೆಲ್ಲ ಮಾಡುವ ಉದ್ಯೋಗ. ಕಚೇರಿಗೆ ಹೋಗಿಬಂದು ರಾತ್ರಿ ಒಂಬತ್ತಕ್ಕೆ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆಯುವ ನಾವು ಅವರ ಲೆಕ್ಕದಲ್ಲಿ ನಡೆಯಲಾಗದು.

ಎರಡನೆಯ ಸಲ ನಾವು ಮೇಲಿಂದ ಕೆಳಕ್ಕಲ್ಲ, ಕುಳಿಯಿಂದ ಹಿಂದಕ್ಕೆ ಆಟವನ್ನು ಕಲಿತೆವು. ಒಂದು ತಿಂಗಳು ಪಟರ್ ಮಾತ್ರ. ಬಳಿಕ ಸೊಂಟದೆತ್ತರವನ್ನು ಮೀರದ ಸಣ್ಣ ಹೊಡೆತಗಳು, ಮೆತ್ತನೆಯ ಹುಲ್ಲಿನ ಮೇಲೆ, ದಿನ ಬಿಟ್ಟು ದಿನ, ಎಣಿಸಿ ಇಪ್ಪತ್ತು. ಆರನೆಯ ತಿಂಗಳು ತುಂಬಿ, ಎರಡು ತೋಳುಗಳ ಬಲವನ್ನು ವೈದ್ಯರು ಹೋಲಿಸಿ ನೋಡಿ ಒಪ್ಪಿದ ಮೇಲೆ ಚಿಕ್ಕ ಐರನ್ನುಗಳಿಂದ ಮುಕ್ಕಾಲು ಬೀಸು. ಹೊಡೆದ ರಾತ್ರಿಯ ನಿದ್ರೆಯೇ ನಮ್ಮ ಪರೀಕ್ಷಕ; ಅದು ಕೆಟ್ಟರೆ ಮುಂದಿನ ವಾರ ಒಂದು ಮೆಟ್ಟಿಲು ಕೆಳಗೆ. ಮಂಡಿ ಬದಲಾಯಿಸಿಕೊಂಡ ನಮ್ಮ ಮಿತ್ರರೊಬ್ಬರೂ ಇದೇ ಕ್ರಮದಲ್ಲಿ ಮರಳಿದರು. ಅವರು ಎಡಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲುತ್ತಾರೆ. ಹಾಗೆ ನಿಂತರೆ ಮಂಡಿಗೆ ಬೀಳುವ ತಿರುಚು ಕಡಮೆ.

ಈ ಕ್ರಮದಲ್ಲಿ ನಮಗೊಂದು ಲಾಭವೂ ಆಯಿತು. ನಮ್ಮೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ ಪದಕ ಒಂದೇ ಹೊಡೆತದ ದೂರದಲ್ಲಿತ್ತು. ಉದ್ದ ಹೊಡೆಯುವುದರಲ್ಲಿ ಅವರು ಅಲ್ಲಿದ್ದವರಲ್ಲಿ ಹಿಂದಿನವರೇ. ಅಷ್ಟು ಮೇಲಕ್ಕೆ ಅವರನ್ನು ಒಯ್ದುದು ಗ್ರೀನಿನ ಮೇಲಣ ಕೈಚಳಕ. ಅದನ್ನು ಟೆಲಿವಿಷನ್ನಿನಲ್ಲಿ ನೋಡಿದ್ದರೂ ನಾವು ಪಟರನ್ನು ಹಿಡಿದು ಒಂದು ಗಂಟೆ ಅಭ್ಯಾಸ ಮಾಡಿದವರಲ್ಲ. ಜೋಳಿಗೆ ಕಳಚಿದ ಮೇಲೆ ಬೇರೆ ದಾರಿಯಿಲ್ಲದೆ ಮಾಡಿದೆವು.

ಒಂಬತ್ತನೆಯ ತಿಂಗಳಿನಲ್ಲಿ ಒಂದು ಭಾನುವಾರ ಬೆಳಗ್ಗೆ ಹದಿನೆಂಟು ಕುಳಿಗಳನ್ನೂ ಮುಗಿಸಿದೆವು. ಡ್ರೈವರು ಚೀಲದಲ್ಲೇ ಇತ್ತು. ಕ್ಯಾಡಿ ಅದನ್ನು ಕೇಳಲಿಲ್ಲ, ನಾವೂ ಕೇಳಲಿಲ್ಲ. ಹಿಂದೆ ಎರಡು ಹೊಡೆತಕ್ಕೆ ಸೇರುತ್ತಿದ್ದಲ್ಲಿಗೆ ಮೂರು ಬೇಕಾದುವು. ಲೆಕ್ಕ ಹಳೆಯದಕ್ಕಿಂತ ಎಂಟು ಹೆಚ್ಚಾಯಿತು. ಆ ರಾತ್ರಿ ಎಡಮಗ್ಗುಲಾಗಿ ಮಲಗಿ ಬೆಳಗಿನವರೆಗೆ ನಿದ್ರೆ ಮಾಡಿದೆವು.