ಚಕ್ರತಾಳ ಎಲ್ಲಿ ಹೋಯಿತು?

ಮಕ್ಕಳೇ, ನಮ್ಮ ಶಾಲಾ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಮದ್ದಳೆ ಚೆನ್ನಾಗಿ ಕೇಳುತ್ತಿತ್ತು, ಚಕ್ರತಾಳ ಮಾತ್ರ ಮಾಯ! ಮರುದಿನ ಸ್ಪೀಕರ್ ಪೆಟ್ಟಿಗೆ ಬಿಚ್ಚಿದೆ. ಹಿಂದೆ ರಿಪೇರಿ ಮಾಡಿದವರು ಕೆಟ್ಟ ಕೆಪಾಸಿಟರ್ ತೆಗೆದು, ಆ ಜಾಗಕ್ಕೆ ಬರೀ ವಯರು ಬೆಸುಗೆ ಹಾಕಿದ್ದರು.

ಪೆಟ್ಟಿಗೆಯೊಳಗೆ ದೊಡ್ಡ ವೂಫರ್, ಪುಟ್ಟ ಟ್ವೀಟರ್ ಇರುತ್ತವಲ್ಲ, ಯಾವ ಸ್ವರ ಯಾರಿಗೆ ಎಂದು ಹಂಚುವ ವಿದ್ಯುನ್ಮಂಡಲವೇ ಕ್ರಾಸ್‌ಓವರ್. ಟ್ವೀಟರಿನ ಸುರುಳಿಯ ತಂತಿ ಬಹಳ ತೆಳು. ಮದ್ದಳೆಯಂಥ ತಗ್ಗು ಸ್ವರದ ಶಕ್ತಿಯೆಲ್ಲ ಅದಕ್ಕೇ ನುಗ್ಗಿದರೆ ಕಾದು ಕಡಿದುಹೋಗುತ್ತದೆ. ಕೆಪಾಸಿಟರ್ ಅದನ್ನು ತಡೆಯುತ್ತದೆ. ಆವೃತ್ತಿ ತಗ್ಗಿದಷ್ಟೂ ಅದರ ತಡೆ ಹೆಚ್ಚು. ನೀವೇ ಲೆಕ್ಕ ಹಾಕಿ: 2, ಪೈ, ರೋಧ, ಧಾರಕತೆ ಇವುಗಳ ಗುಣಲಬ್ಧದಿಂದ 1ನ್ನು ಭಾಗಿಸಿ. 8 ಓಮ್, 4.7 ಮೈಕ್ರೋಫ್ಯಾರಡ್ ಆದರೆ ಸುಮಾರು 4,200 ಹರ್ಟ್ಸ್. ಅದಕ್ಕಿಂತ ಕೆಳಗಿನದು ಟ್ವೀಟರಿಗೆ ಸೊರಗುತ್ತಾ ತಲುಪುತ್ತದೆ.

8 ಓಮಿನ ಟ್ವೀಟರ್ ಮಲ್ಟಿಮೀಟರಿನಲ್ಲಿ 6 ಓಮಿನ ಆಸುಪಾಸು ತೋರಿಸಬೇಕು. ನಮ್ಮದರಲ್ಲಿ ಮುಳ್ಳು ಅಲ್ಲಾಡಲೇ ಇಲ್ಲ. ಹೊಸ ಟ್ವೀಟರ್ ಹಾಕಿ, ಕೆಪಾಸಿಟರನ್ನೂ ಸರಿಮಾಡಿದೆ. ಪ್ಲಸ್-ಮೈನಸ್ ಗುರುತಿಲ್ಲದ್ದೇ ಬೇಕು, ಯಾಕಂದ್ರೆ ಸ್ಪೀಕರಿಗೆ ಬರುವುದು ಎಸಿ.

ಇನ್ನೊಂದು ವಿಷಯ. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದರೆ ಅಲೆಗಳ ತುದಿ ಕತ್ತರಿಸಿ, ಮೂಲದಲ್ಲಿಲ್ಲದ ಎತ್ತರದ ಆವೃತ್ತಿಗಳು ಹುಟ್ಟುತ್ತವೆ. ಅವನ್ನು ಕೆಪಾಸಿಟರ್ ತಡೆಯುವುದಿಲ್ಲ. ಸ್ವರ ಒಡೆದು ಕೇಳಿದ ಕೂಡಲೇ ವಾಲ್ಯೂಮ್ ಇಳಿಸಿ.