ಗೇರ್‌ಬಾಕ್ಸ್ ಇಳಿಸುವ ಮುನ್ನ

ಕೃಷ್ಣಗಿರಿಯಿಂದ ಹೊಸೂರಿಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 50 ಕಿಲೋಮೀಟರ್. ಶೂಲಗಿರಿ ದಾಟಿ ಹೊಸೂರು ಮುಟ್ಟುವಷ್ಟರಲ್ಲಿ ರಸ್ತೆ ಹತ್ತಿರ ಹತ್ತಿರ 400 ಮೀಟರ್ ಮೇಲೇರಿರುತ್ತದೆ. ಬೇಸಿಗೆಯ ಮಧ್ಯಾಹ್ನ, ಜನ ತುಂಬಿದ ಕಾರು ಎ.ಸಿ. ಹಾಕಿಕೊಂಡು ಈ ಏರು ಹತ್ತುವಾಗ ಎಂಜಿನ್ ಆಯಿಲ್ 100 ಡಿಗ್ರಿಯ ಆಸುಪಾಸಿಗೆ ಕಾದು ತೆಳ್ಳಗಾಗುತ್ತದೆ. ಊರೊಳಗೆ ಓಡಾಡುವಾಗ ಬರೀ ಜಿನುಗುತ್ತಿದ್ದ ಸೀಲು ತೊಟ್ಟಿಕ್ಕತೊಡಗುವುದು ಇಂಥ ಓಟದ ನಂತರವೇ. ಮರುದಿನ ಬೆಳಿಗ್ಗೆ ಕಾರು ತೆಗೆದರೆ ನೆಲದ ಮೇಲೆ ಅಂಗೈಯಗಲದ ಕಂದು ಕಲೆ.

ಟಿವಿಎಸ್ ಬೈಕುಗಳೂ ಅಶೋಕ್ ಲೇಲ್ಯಾಂಡ್ ಲಾರಿಗಳೂ ತಯಾರಾಗುವ ಹೊಸೂರಿನಲ್ಲಿ ಎಂಜಿನ್ ಬಲ್ಲ ಕೈಗಳಿಗೆ ಬರವಿಲ್ಲ. ಹಾಗಿದ್ದೂ ಈ ಸೋರಿಕೆಯಲ್ಲಿ ದುಡ್ಡು ಪೋಲಾಗುವುದು ಹೆಚ್ಚು. ಕಾರಣ ಸರಳ: ಎಣ್ಣೆ ಎಲ್ಲಿಂದ ಬಂತು, ಯಾಕೆ ಬಂತು ಎಂದು ನೋಡುವ ಮೊದಲೇ ಸೀಲು ಬದಲಿಸುವ ಆತುರ.

ಆಯಿಲ್ ಸೀಲ್ ಎಂದರೆ ಲೋಹದ ಬಳೆಗೆ ಅಂಟಿಸಿದ ರಬ್ಬರಿನ ತುಟಿ. ಅದರ ಹಿಂದೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗು. ತುಟಿ ತಿರುಗುವ ಶಾಫ್ಟನ್ನು ಸದಾ ಒತ್ತಿ ಹಿಡಿದಿರುತ್ತದೆ. ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿಯಲ್ಲಿ, ಪುಲ್ಲಿಯ ಹಿಂದೆ ಒಂದು. ಹಿಂದಿನ ತುದಿಯಲ್ಲಿ, ಫ್ಲೈವೀಲ್ ಬದಿಗೆ ಇನ್ನೊಂದು. ನಿಮಿಷಕ್ಕೆ 3000 ಸುತ್ತು ತಿರುಗುವಾಗ 80 ಮಿಲಿಮೀಟರ್ ವ್ಯಾಸದ ಶಾಫ್ಟಿನ ಮೈ ಈ ತುಟಿಯನ್ನು ಸೆಕೆಂಡಿಗೆ 12 ಮೀಟರಿಗೂ ಹೆಚ್ಚು ವೇಗದಲ್ಲಿ ಸವರಿಕೊಂಡು ಹೋಗುತ್ತದೆ. ನಡುವೆ ಇರುವುದು ಎಣ್ಣೆಯ ತೆಳು ಪೊರೆಯೊಂದೇ. ವರ್ಷಗಟ್ಟಲೆ ಕಾವು ತಿಂದ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಾಗ, ಇಲ್ಲವೇ ಶಾಫ್ಟಿನ ಮೇಲೆ ಗೆರೆ ಬಿದ್ದಾಗ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ.

ಹಿಂದಿನ ಸೀಲಿನ ಬೆಲೆ ಹೆಚ್ಚೇನಲ್ಲ, ಕೂಲಿಯದ್ದೇ ಭಾರ. ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ಚು, ಫ್ಲೈವೀಲ್ ಬಿಚ್ಚಬೇಕು. ಅಷ್ಟೆಲ್ಲ ಮಾಡಿಯೂ ಸೋರಿಕೆ ನಿಲ್ಲದ ಕಾರುಗಳಿವೆ. ಎಷ್ಟೋ ಸಲ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿರುತ್ತದೆ. ಎಣ್ಣೆ ಎಂಜಿನ್ನಿನ ಬೆನ್ನಿನ ಮೇಲೆ ಇಳಿದು, ಗೇರ್‌ಬಾಕ್ಸ್ ಕೂಡುವಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರಿಗೆ ಹಿಂದಿನ ಸೀಲೇ ಹೋದಂತೆ ಕಾಣುತ್ತದೆ. ಆದ್ದರಿಂದ ಮೊದಲ ಕೆಲಸ ಎಂಜಿನ್ನನ್ನು ಚೆನ್ನಾಗಿ ತೊಳೆದು ಒರೆಸುವುದು. ಆಮೇಲೆ ಸ್ವಲ್ಪ ದೂರ ಓಡಿಸಿ, ಮೇಲಿನಿಂದ ಕೆಳಕ್ಕೆ ಟಾರ್ಚ್ ಹಿಡಿದು, ಹಸಿಯಾದ ಅತಿ ಎತ್ತರದ ಜಾಗ ಹುಡುಕಬೇಕು.

ಇನ್ನೊಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರೆ ಒಳಗಿನ ಒತ್ತಡ ಗೊತ್ತಾಗುತ್ತದೆ. ಹೊಗೆ ಭುಸುಗುಟ್ಟಿಕೊಂಡು ಬಂದರೆ ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಅನ್ನುತ್ತಾರೆ. ಪಿಸ್ಟನ್ ರಿಂಗು ಸವೆದಿರಬಹುದು, ಅಥವಾ ಆ ಹೊಗೆಯನ್ನು ಹೊರಗೊಯ್ಯುವ ಪಿಸಿವಿ ವಾಲ್ವ್ ಮಸಿ ಕಟ್ಟಿ ಮುಚ್ಚಿರಬಹುದು. ದಾರಿ ಸಿಗದ ಒತ್ತಡ ಸೀಲಿನ ತುಟಿಯಿಂದ ಎಣ್ಣೆಯನ್ನು ಹೊರದೂಡುತ್ತದೆ. ಆ ಕಾರಣ ಹಾಗೇ ಉಳಿದರೆ ಹೊಸ ಸೀಲೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ವಾಲ್ವ್ ಬದಲಿಸುವುದು ಅಗ್ಗದ ಕೆಲಸ. ಅದನ್ನು ಮೊದಲು ನೋಡದೆ ಗೇರ್‌ಬಾಕ್ಸ್ ಇಳಿಸಲು ಒಪ್ಪಬಾರದು.

ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರಾವಣಗಳು ಗಡುಸಾದ ರಬ್ಬರನ್ನು ತುಸು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಸಣ್ಣ ಜಿನುಗಿಗೆ ಅದು ಕೆಲಕಾಲದ ಉಪಶಮನ. ಹರಿದ ತುಟಿಗೆ, ಗೆರೆ ಬಿದ್ದ ಶಾಫ್ಟಿಗೆ ಅದರಿಂದ ಪ್ರಯೋಜನವಿಲ್ಲ.

ಎಲ್ಲ ಜಿನುಗೂ ತುರ್ತಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಮಟ್ಟ ಕಾಯ್ದುಕೊಂಡರೆ ಕ್ಲಚ್ ಬದಲಿಸುವ ದಿನದವರೆಗೂ ತಳ್ಳಬಹುದು. ಆಗ ಹೇಗಿದ್ದರೂ ಗೇರ್‌ಬಾಕ್ಸ್ ಇಳಿಯುತ್ತದೆ, ಕೂಲಿ ಒಂದೇ. ಆದರೆ ಎಣ್ಣೆ ತಗುಲಿದ ಕ್ಲಚ್ ಪ್ಲೇಟು ಏರಿನಲ್ಲಿ ಜಾರತೊಡಗಿದರೆ, ಎಣ್ಣೆ ಟೈಮಿಂಗ್ ಬೆಲ್ಟಿಗೆ ಹತ್ತಿದರೆ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆಯಾಡಿದರೆ ತಡ ಮಾಡುವಂತಿಲ್ಲ. ಆಯಿಲ್ ಪ್ರೆಶರ್‌ನ ಕೆಂಪು ದೀಪ ಹೊತ್ತಿಕೊಂಡರಂತೂ ಹೆದ್ದಾರಿಯ ಅಂಚಿಗೆ ಸರಿದು ಆ ಕ್ಷಣವೇ ಎಂಜಿನ್ ಆರಿಸಬೇಕು. ಮುಂದಿನ ಊರಿನವರೆಗೆ ಓಡಿಸಿದರೆ ಕ್ರ್ಯಾಂಕಿನ ಬೇರಿಂಗ್ ಸುಟ್ಟುಹೋಗಬಹುದು.

ಹೊಸ ಸೀಲು ಕೂರಿಸುವಾಗ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡುವಂತೆ ಮೆಕ್ಯಾನಿಕ್‌ಗೆ ಹೇಳಬೇಕು. ಗೆರೆಗೆ ಉಗುರು ಸಿಕ್ಕಿದರೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಬೇಕಾಗುತ್ತದೆ, ಇಲ್ಲವೇ ಜಾಗವಿದ್ದರೆ ಸೀಲನ್ನು ತುಸು ಒಳಗೋ ಹೊರಗೋ ಕೂರಿಸಿ ತುಟಿ ಹೊಸ ಮೈಯ ಮೇಲೆ ಓಡುವಂತೆ ಮಾಡಬೇಕಾಗುತ್ತದೆ.