ಕ್ಯಾಮೆರಾದ ಚಾಳೀಸು ಹಾಕಿಕೊಂಡು ನಮ್ಮೂರ ಸುತ್ತ

ಲಡಾಖ್‌ಗೆ ಹೋಗಬೇಕು ಅಂತ ಕ್ಯಾಮೆರಾ ಕೊಂಡವನು ನಾನು. ಎಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೋನಸ್ ಕೈಗೆ ಬಂದ ವಾರವೇ ಕ್ಯಾಮೆರಾ ಮನೆಗೆ ಬಂತು. ಈಗ ವಯಸ್ಸು ಮೂವತ್ತು. ಇವತ್ತಿಗೂ ಲಡಾಖ್ ನೋಡಿಲ್ಲ. ರಜೆ ಸಿಕ್ಕಾಗಲೆಲ್ಲ ಮಿರಜ್‌ವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ ದಾಟಿದರೆ ರಾಯಬಾಗ. ಊರಿಗೆ ಹೋಗೋದು, ಅವ್ವನ ಕೈಯಡುಗೆ ಉಣ್ಣೋದು, ವಾಪಸ್ ಬರೋದು. ಕ್ಯಾಮೆರಾ ಬ್ಯಾಗಿನಲ್ಲೇ ಉಳಿಯುತ್ತಿತ್ತು. "ನಮ್ಮೂರಾಗ ಏನೈತಿ ಫೋಟೋ ತಗ್ಯಾಕ? ಎತ್ತ ನೋಡಿದ್ರೂ ಕಬ್ಬು" ಅಂತ ಗೆಳೆಯರಿಗೆ ಹೇಳುತ್ತಿದ್ದವನೂ ನಾನೇ.

ಆ ಮಾತು ಸುಳ್ಳು ಅಂತ ತೋರಿಸಿದ್ದು ಒಂದು ಹಳೇ ಲೆನ್ಸು. ಅಮೆರಿಕಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬ ಅರ್ಧ ಬೆಲೆಗೆ ಕೊಟ್ಟುಹೋದ ಟ್ಯಾಮ್ರಾನ್ 90 ಎಂಎಂ ಮ್ಯಾಕ್ರೋ. ಅದು ನಮ್ಮ ಮನೆಯಲ್ಲಿ ಅಪ್ಪನಿಗೂ ನನಗೂ ಎದ್ದಿದ್ದ ಒಂದು ಜಗಳವನ್ನೂ ಬಿಡಿಸಿತು. ಆ ಕಥೆ ಕೊನೆಗೆ ಹೇಳ್ತೀನಿ.

ಮ್ಯಾಕ್ರೋ ಅಂದ್ರೆ ಇಷ್ಟೇ

ಮ್ಯಾಕ್ರೋ ಲೆನ್ಸ್ ಅಂದರೆ ತೀರಾ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುವ ಲೆನ್ಸ್. ಇದರ ಅಳತೆ "ಒಂದಕ್ಕೆ ಒಂದು". ಅಂದರೆ ಒಂದು ಸೆಂಟಿಮೀಟರ್ ಉದ್ದದ ಹುಳು ಕ್ಯಾಮೆರಾದೊಳಗಿನ ಸೆನ್ಸಾರ್ ಮೇಲೂ ಒಂದು ಸೆಂಟಿಮೀಟರ್ ಉದ್ದವಾಗಿಯೇ ಬೀಳುತ್ತದೆ. ನನ್ನ ಸೆನ್ಸಾರ್‌ನ ಅಗಲ ಎರಡೂವರೆ ಸೆಂಟಿಮೀಟರೂ ಇಲ್ಲ. ಆ ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಹಾಕಿದರೆ ಹುಳು ಗೇಣಿಗಿಂತ ಕಡಿಮೆ, ಅರ್ಧ ಗೇಣಿಗಿಂತ ಹೆಚ್ಚು ಅನ್ನುವಷ್ಟು ಆಗುತ್ತದೆ.

ಈ ಲೆನ್ಸ್ 29 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗುತ್ತದೆ. ಆದರೆ ಅದು ಸೆನ್ಸಾರ್‌ನಿಂದ ಹಿಡಿದ ಲೆಕ್ಕ. ಲೆನ್ಸಿನ ಮೂತಿಯಿಂದ ನೋಡಿದರೆ ಉಳಿಯೋದು ಅರ್ಧ ಗೇಣು. ಅಷ್ಟು ಹತ್ತಿರದಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಕಾಣುವ ಭಾಗದ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಇರುವೆಯ ಕಣ್ಣು ಸರಿಯಾಗಿ ಬಂದರೆ ಮೀಸೆ ಮಸುಕು. ಉಸಿರು ಬಿಟ್ಟರೆ ಅದೂ ಹೋಯಿತು. ಹಾಗಾಗಿ ನಾನು ಆಟೋಫೋಕಸ್ ಆರಿಸಿಬಿಡ್ತೀನಿ. ಫೋಕಸನ್ನು ಒಂದು ಕಡೆ ಕಟ್ಟಿಹಾಕಿ, ಮೈಯನ್ನೇ ಹಿಂದೆ ಮುಂದೆ ಅಲುಗಿಸುತ್ತಾ ಹತ್ತು ಫೋಟೋ ತೆಗೆದರೆ ಒಂದು ಸಿಗುತ್ತದೆ. ಬೆಂಗಳೂರು, ಪುಣೆಯಲ್ಲಿ ಓಡಿ ಓಡಿ ಕಲಿತವನಿಗೆ ಇದು ನಿಂತು ನೋಡೋದನ್ನು ಕಲಿಸಿತು. ಅಪ್ಪನ ಮೋಟರ್ ಸೈಕಲ್ ಹತ್ತಿ ನಮ್ಮ ಐದು ತಾಲ್ಲೂಕು ಸುತ್ತೋಕೆ ಶುರು ಮಾಡಿದೆ.

ನಿಪ್ಪಾಣಿ: ಎಲೆಯ ಮೈಯ ಅಂಟು

ನಿಪ್ಪಾಣಿ ಅಂದರೆ ಬೀಡಿ ತಂಬಾಕು. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕು ಅಂತ ರೈತರು ಹೆದ್ದಾರಿಯ ಮೇಲೆ ಕುಳಿತ ಊರು, ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡ ಊರು. ಇದನ್ನೆಲ್ಲ ಕೇಳಿ ಬೆಳೆದಿದ್ದೆ. ಆದರೆ ತಂಬಾಕಿನ ಎಲೆಯನ್ನು ಹತ್ತಿರದಿಂದ ನೋಡಿರಲಿಲ್ಲ.

ಬೆಳಗಿನ ಬಿಸಿಲು ಎಲೆಯ ಹಿಂದಿನಿಂದ ಬೀಳುವಂತೆ ಕುಳಿತು ಲೆನ್ಸ್ ಹಚ್ಚಿದೆ. ಎಲೆಯ ಮೈತುಂಬ ಸಣ್ಣ ಸಣ್ಣ ಕೂದಲು, ಎಷ್ಟೋ ಕೂದಲಿನ ತುದಿಯಲ್ಲಿ ಒಂದೊಂದು ಹೊಳೆಯುವ ಹನಿ. ಇಬ್ಬನಿ ಅಂದುಕೊಂಡೆ, ಅಲ್ಲ, ಅದು ಅಂಟು. ಒಂದು ಗುಂಗಾಡಿಗಿಂತ ಸಣ್ಣ ನೊಣ ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಸತ್ತಿತ್ತು. ಗಿಡ ತನ್ನನ್ನು ಕಾಯ್ದುಕೊಳ್ಳುವ ರೀತಿ ಅದು.

ಪಕ್ಕದ ಸಾಲಿನಲ್ಲಿ ಕುಡಿ ಚಿವುಟುತ್ತಿದ್ದ ಅಜ್ಜಿಯೊಬ್ಬರು ನೋಡಿ ನಕ್ಕರು. ನಿಮ್ಮದೊಂದು ಫೋಟೋ ತೆಗೀಲೇನ್ರಿ ಅಂದೆ. "ಮಾರಿ ಬ್ಯಾಡೋ ಯಪ್ಪಾ, ಕೈ ಬೇಕಾದ್ರ ತಗಿ" ಅಂತ ಎರಡೂ ಕೈ ಮುಂದೆ ಚಾಚಿದರು. ಬೆರಳಿನ ಗೆರೆಗೆರೆಯಲ್ಲೂ ಅದೇ ಅಂಟು, ಕಪ್ಪಗೆ ಒಣಗಿ ಕೂತಿತ್ತು. "ಸಾಬಾಣ ಹಚ್ಚಿದ್ರೂ ಹೋಗೂದಿಲ್ಲ. ರೊಟ್ಟಿ ಮುರದ್ರ ರೊಟ್ಟೀನೂ ಕಹಿ." ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ, ಎಲೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ತಲೆ ತಿರುಗೋದು, ವಾಂತಿ ಆಗೋದು ಅದರಿಂದಲೇ. ಎಲೆಯ ಹನಿಯ ಚಿತ್ರ ಚೆಂದ ಬಂದಿತ್ತು. ಆದರೆ ಆ ಕೈಯ ಚಿತ್ರ ನೋಡಿದ ಮೇಲೆ ಎಲೆಯನ್ನು ಬರೀ ಚೆಂದ ಅಂತ ನೋಡೋಕೆ ಆಗಲಿಲ್ಲ.

ಅಥಣಿ: ಮೊಳೆ ಇಲ್ಲದ ಚಪ್ಪಲಿ

ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತು ಕರೆಯುವುದನ್ನು ನಮ್ಮ ಅಥಣಿಯಲ್ಲೂ ತಲೆತಲಾಂತರದಿಂದ ಮಾಡುತ್ತಾರೆ. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿ. 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಶನ್ ಷೋದಲ್ಲಿ ಪ್ರಾಡಾ ಕಂಪನಿ ಇಂಥದೇ ಚಪ್ಪಲಿ ತೋರಿಸಿ ಗದ್ದಲವಾಯಿತಲ್ಲ, ಆಗ ಕೊಲ್ಹಾಪುರದ ಹೆಸರು ಎಲ್ಲರ ಬಾಯಲ್ಲಿತ್ತು. ಅಥಣಿಯ ಹೆಸರು ಕೇಳಿದ್ದು ಕಡಿಮೆ.

ಇಲ್ಲಿನ ಓಣಿಯೊಂದರಲ್ಲಿ ಅರ್ಧ ದಿನ ಕೂತೆ. ಚರ್ಮ ಹದ ಮಾಡೋಕೆ ಜಾಲಿಯ ತೊಗಟೆ, ಅಳಲೆಕಾಯಿ. ಅಟ್ಟೆ ಕತ್ತರಿಸುವ, ಬಡಿಯುವ ಕೆಲಸ ಹೆಚ್ಚಾಗಿ ಗಂಡಸರದು. ಹೆಣಿಗೆ, ಕಸೂತಿಯಂಥ ಹೊಲಿಗೆ ಹೆಂಗಸರದು. ಹಳೇ ಪದ್ಧತಿಯ ಚಪ್ಪಲಿಗೆ ಮೊಳೆ ಇಲ್ಲ, ಹೊಲಿಯುವ ದಾರವೂ ಚರ್ಮದ್ದೇ. ಮ್ಯಾಕ್ರೋದಲ್ಲಿ ಒಂದೇ ಒಂದು ಹೊಲಿಗೆ ತುಂಬಿಸಿ ತೆಗೆದೆ. ತೂತಿನ ಅಂಚಿನಲ್ಲಿ ಚರ್ಮ ಹೇಗೆ ಮಡಚಿ ದಾರವನ್ನು ಅಪ್ಪಿಕೊಂಡಿದೆ ಅಂತ ಕಂಡಿತು. ಅದೇ ಚಪ್ಪಲಿ ಹೊಲಿದ ಅಕ್ಕನಿಗೆ ಕ್ಯಾಮೆರಾದ ಪರದೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇಲ್ಲಿ ಒಂದ್ ಹೊಲಿಗಿ ಸಡ್ಲ ಆಗೇತ್ರಿ" ಅಂದರು. ಆಮೇಲೆ ಚಪ್ಪಲಿ ತಗೊಂಡು ಬಿಗಿ ಮಾಡಿಯೇ ಕೊಟ್ಟರು. ನನಗೆ ಸುಂದರ ಚಿತ್ರ, ಅವರಿಗೆ ಕೆಲಸದ ತಪಾಸಣೆ.

ಕಾಗವಾಡದ ಗಡಿ: ಕಲ್ಲಿನ ಮೇಲೆ ಕನ್ನಡ

ಕಾಗವಾಡ ತಾಲ್ಲೂಕಿನ ಜುಗೂಳದ ಕಡೆಯಿಂದ ನೋಡಿದರೆ ಕೃಷ್ಣೆಯ ಆಚೆ ದಂಡೆಗೆ ಖಿದ್ರಾಪುರ. ಊರು ಮಹಾರಾಷ್ಟ್ರದ್ದು, ಅಲ್ಲಿನ ಕೋಪೇಶ್ವರ ದೇವಸ್ಥಾನ ಶಿಲಾಹಾರರ ಕಾಲದ್ದು. ನಾನು ರಸ್ತೆಯಲ್ಲಿ ಸುತ್ತು ಹಾಕಿ ಹೋದೆ. ಮುಂದಿನ ಸ್ವರ್ಗಮಂಟಪದ ಚಾವಣಿಯ ನಡುವೆ ದುಂಡಗೆ ಆಕಾಶ ಕಾಣುತ್ತದೆ, ಅದರ ಸುತ್ತ ಹನ್ನೆರಡು ಕಂಬ. ಎಲ್ಲರೂ ಮೇಲೆ ನೋಡಿ ಫೋಟೋ ತೆಗೆಯುತ್ತಾರೆ, ನಾನೂ ತೆಗೆದೆ.

ಆದರೆ ಇಲ್ಲಿ ಹಳಗನ್ನಡದ ಶಾಸನಗಳೂ ಇವೆ, ಯಾದವ ಸಿಂಘಣನ ಒಂದು ಸಂಸ್ಕೃತ ಶಾಸನವೂ ಇದೆ. ಬರಿಗಣ್ಣಿಗೆ ಸವೆದ ಕಲ್ಲು. ಸಂಜೆಯ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ತನಕ ಕಾದೆ. ಓರೆ ಬೆಳಕಿನಲ್ಲಿ ಅಕ್ಷರದ ತಗ್ಗಿಗೆ ನೆರಳು ತುಂಬುತ್ತದೆ, ಅಕ್ಷರ ಎದ್ದು ನಿಲ್ಲುತ್ತದೆ. ಫ್ಲ್ಯಾಶ್ ನೇರವಾಗಿ ಹೊಡೆದರೆ ಇದ್ದದ್ದೂ ಮಾಯ. ಒಂದು ಅಕ್ಷರದೊಳಗೆ ಉಳಿಯ ಪೆಟ್ಟುಗಳು ಒಂದರ ಪಕ್ಕ ಒಂದು ಕಂಡವು. ಗಡಿಯ ಜಗಳ ಕೇಳುತ್ತಲೇ ಬೆಳೆದವರು ನಾವು. ಹೊಳೆಯ ಎರಡೂ ದಂಡೆಗೆ ಒಂದೇ ಅಕ್ಷರ ಓಡಾಡಿದ ಕಾಲವೊಂದಿತ್ತು ಅನ್ನೋದನ್ನ ಆ ಉಳಿಯ ಗುರುತು ತಣ್ಣಗೆ ಹೇಳಿತು.

ಚಿಕ್ಕೋಡಿ: ಯಡೂರಿನ ಬೆಳಗು

ಚಿಕ್ಕೋಡಿ ತಾಲ್ಲೂಕಿನ ಯಡೂರಿಗೆ ಜನ ಬರೋದು ಕೃಷ್ಣಾ ತೀರದ ವೀರಭದ್ರನ ದರ್ಶನಕ್ಕೆ. ನಾನು ಹೋಗಿದ್ದು ಚಳಿಗಾಲದ ಬೆಳಗಿನ ಆರು ಗಂಟೆಗೆ, ದಂಡೆಯ ಹುಲ್ಲಿಗೆ. ಕೊಡತಿ ಹುಳು ಅಂತ ನಾವು ಚಿಕ್ಕಂದಿನಲ್ಲಿ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವಲ್ಲ, ಆ ಏರೋಪ್ಲೇನ್ ಚಿಟ್ಟೆ ರಾತ್ರಿಯ ತಂಪಿಗೆ ಮೈ ಮರಗಟ್ಟಿ ಹುಲ್ಲಿನ ಕಡ್ಡಿ ಹಿಡಿದು ಕೂತಿರುತ್ತದೆ. ಬಿಸಿಲು ತಾಗಿ ಮೈ ಬೆಚ್ಚಗಾಗುವ ತನಕ ಹಾರಲಾರದು. ರೆಕ್ಕೆಯ ತುಂಬ ಇಬ್ಬನಿ. ಅರ್ಧ ಗಂಟೆ ಅದು ನಿಮ್ಮದು. ಮುಟ್ಟಬೇಡಿ, ಕಡ್ಡಿ ಕೀಳಬೇಡಿ. ಚಿಕ್ಕಂದಿನಲ್ಲಿ ಕಟ್ಟಿದ ದಾರದ ಸಾಲ ತೀರಿಸೋಕೆ ಅಷ್ಟಾದರೂ ಮಾಡಬಹುದು.

ರಾಯಬಾಗ: ನಮ್ಮದೇ ಹೊಲ

ಈಗ ಜಗಳದ ಕಥೆ. ಹೋದ ಮಳೆಗಾಲದ ಕೊನೆಗೆ ಊರಿಗೆ ಹೋದಾಗ ಅಪ್ಪ ಚಿಂತೆಯಲ್ಲಿದ್ದ. "ತಮ್ಮಾ, ಕಬ್ಬಿಗೆ ಬಿಳಿ ಹೇನ ಬಿದ್ದಾವ. ಸೋಮವಾರ ಔಷಧ ಹೊಡಸೂನು." ಎಲೆಯ ಅಡಿಗೆ ಹಿಂಜಿದ ಹತ್ತಿಯಂತೆ ಬಿಳಿ ಉಣ್ಣೆ, ಕೆಳಗಿನ ಎಲೆಯ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಅಪ್ಪನ ಹೆದರಿಕೆಗೆ ಕಾರಣ ಇತ್ತು. 2002ರಲ್ಲಿ ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡ ಈ ಉಣ್ಣೆ ಹೇನು ನಮ್ಮ ಕಡೆಗೂ ಹಬ್ಬಿ, ಕಬ್ಬು ಕಪ್ಪಾಗಿ ನಿಂತಿದ್ದನ್ನು ಅವನು ಕಂಡವನು. ನಾನಾಗ ಎರಡನೇ ಇಯತ್ತೆ.

ಅವ್ವನ ಹೆದರಿಕೆ ಬೇರೆ. ಹಿಂದಿನ ವರ್ಷ ಔಷಧ ಹೊಡೆದ ರಾತ್ರಿ ಅಪ್ಪ ತಲೆ ತಿರುಗಿ ಬಿದ್ದು ವಾಂತಿ ಮಾಡಿಕೊಂಡಿದ್ದ. ನಾನು ಬೇಡ ಅಂದೆ. "ನೀ ಪುಣೇದಾಗ ಏಸಿ ಒಳಗ ಕುಂತು ಹೇಳತಿ. ಕಬ್ಬು ಹೋದ್ರ ಬ್ಯಾಂಕಿನವರಿಗೆ ನೀ ಉತ್ರಾ ಕೊಡತೀ ಏನು?" ಅಂತ ಅಪ್ಪ ಎದ್ದು ಹೋದ. ಅವನ ಮಾತೂ ಸುಳ್ಳಲ್ಲ.

ಸಿಟ್ಟಿನಲ್ಲಿ ಕ್ಯಾಮೆರಾ ತಗೊಂಡು ನಾನೂ ಹೊಲಕ್ಕೆ ಹೋದೆ. ಎಲೆ ತಿರುಗಿಸಿ ಉಣ್ಣೆಯೊಳಗೆ ಲೆನ್ಸ್ ಇಟ್ಟೆ. ಹಾಲಿನ ಪ್ಯಾಕೆಟ್ ಕತ್ತರಿಸಿ ಫ್ಲ್ಯಾಶ್‌ಗೆ ಕಟ್ಟಿದ್ದರಿಂದ ಬೆಳಕು ಮೆತ್ತಗಿತ್ತು. ಮೂವತ್ತನೆಯದೋ ನಲವತ್ತನೆಯದೋ ಚಿತ್ರದಲ್ಲಿ ಹೇನಲ್ಲದ ಏನೋ ಕಂಡಿತು. ಕಂದು ಬಣ್ಣದ, ಅಕ್ಕಿಕಾಳಿಗಿಂತ ತೆಳ್ಳಗಿನ ಮರಿಹುಳು, ಕುಡುಗೋಲಿನಂಥ ದವಡೆ. ದವಡೆಯಲ್ಲಿ ಒಂದು ಹೇನು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಅಪ್ಪ ಚಾಳೀಸು ಏರಿಸಿಕೊಂಡು ಬಗ್ಗಿ ನೋಡಿದ. "ಇದು ನಮ್ಮ ಹೊಲದ್ದ?" ಚಿತ್ರವನ್ನು ಪರಿಚಯದ ಕೃಷಿ ವಿಜ್ಞಾನಿಯೊಬ್ಬರಿಗೆ ಕಳಿಸಿದೆವು. ಅದು ಮೈಕ್ರೋಮಸ್ ಅನ್ನುವ ಕೀಟದ ಮರಿ, ಉಣ್ಣೆ ಹೇನನ್ನೇ ತಿಂದು ಬದುಕೋದು, ಡೈಫಾ ಅನ್ನುವ ಇನ್ನೊಂದು ಹುಳುವೂ ಇರಬಹುದು ನೋಡಿ ಅಂದರು. ಔಷಧ ಹೊಡೆದರೆ ಇವೂ ಸಾಯುತ್ತವೆ, ಇವು ಎಲ್ಲೆಲ್ಲಿ ಸಿಗುತ್ತವೋ ಅಲ್ಲಿ ಸ್ವಲ್ಪ ದಿನ ಕಾದು ನೋಡಿ ಅಂದರು.

ಮರುದಿನ ಅಪ್ಪ ನಾನು ಇಬ್ಬರೂ ಎಲೆ ತಿರುಗಿಸುತ್ತಾ ಹೋದೆವು. ಕೆಳಗಿನ ಪಟ್ಟಿಯಲ್ಲಿ ಆ ಹುಳು ಎಲೆಎಲೆಗೂ ಸಿಕ್ಕಿತು, ಮೇಲಿನ ಪಟ್ಟಿಯಲ್ಲಿ ಕಾಣಲಿಲ್ಲ. ಅಪ್ಪ ರಾಜಿಗೆ ಬಂದ. ಮೇಲಿನದಕ್ಕೆ ಹೊಡೆಸಿದ, ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಹಾಕಿಸಿದ ಮೇಲೆಯೇ. ಕೆಳಗಿನ ಎರಡು ಎಕರೆಗೆ ಹೊಡೆಸಲಿಲ್ಲ. ಮೂರು ವಾರದ ಮೇಲೆ ಎರಡೂ ಕಡೆ ಉಣ್ಣೆ ಕಡಿಮೆಯಾಗಿತ್ತು. ನಾನು ಗೆದ್ದೆ ಅಂತ ಹೇಳೋ ಹಾಗಿಲ್ಲ, ಬಿಸಿಲು ಬಿದ್ದದ್ದೂ ಕಾರಣ ಇದ್ದೀತು. ಆದರೆ ಎರಡು ಎಕರೆಯ ಔಷಧದ ಖರ್ಚು ಉಳಿಯಿತು, ಅಷ್ಟು ವಿಷ ಅಪ್ಪನ ಮೂಗಿಗೆ ಹೋಗೋದು ತಪ್ಪಿತು.

ನೀವೂ ನೋಡಿ

ಇದಕ್ಕೆ ದುಬಾರಿ ಲೆನ್ಸೇ ಬೇಕು ಅಂತಿಲ್ಲ. ಈಗಿನ ಎಷ್ಟೋ ಫೋನುಗಳಲ್ಲಿ ಮ್ಯಾಕ್ರೋ ಮೋಡ್ ಇದೆ. ಇಲ್ಲದಿದ್ದರೆ ಫೋನಿಗೆ ಸಿಕ್ಕಿಸುವ ಸಣ್ಣ ಲೆನ್ಸು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗಿ. ಮೊಣಕೈಯನ್ನು ನೆಲಕ್ಕೋ ಮೊಣಕಾಲಿಗೋ ಆನಿಸಿ. ಜನರ ಕೈ, ಕೆಲಸ ತೆಗೆಯುವಾಗ ಕೇಳಿ ತೆಗೆಯಿರಿ, ತೆಗೆದದ್ದನ್ನು ಅವರಿಗೆ ಮೊದಲು ತೋರಿಸಿ.

ಲಡಾಖ್ ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತದೆ. ಮೊನ್ನೆ ಅಪ್ಪ ಫೋನ್ ಮಾಡಿದ್ದ. ಯಾವಾಗಲೂ "ಊಟಾತೇನು" ಅಂತ ಶುರು ಮಾಡುವವನು ಈ ಸಲ ನೇರವಾಗಿ ವಿಷಯಕ್ಕೆ ಬಂದ. "ತಮ್ಮಾ, ಸೋಯಾಬೀನ್ ಎಲಿ ತೂತ ಬಿದ್ದಾವ. ಬರೂ ಮುಂದ ನಿನ್ನ ಕ್ಯಾಮೆರಾದ ಚಾಳೀಸು ತಗೊಂಡು ಬಾ. ಅಲ್ಲೀತನಾ ಹೊಡ್ಸೂದಿಲ್ಲ."

ಶನಿವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೀನಿ.